ಮೇಷ್ಟ್ರು ಮೆಚ್ಚಿದ ಹಲಸು

ಸಸ್ಯಶಾಸ್ತ್ರದ ಮೇಷ್ಟ್ರು ಜವರೇಶನಿಗೆ ನಲವತ್ತು ದಾಟಿತ್ತು. ಗಿಡಮರಗಳ ವಂಶವೃದ್ಧಿಯನ್ನು ವರ್ಷಗಟ್ಟಲೆ ಪಾಠ ಮಾಡಿಯೂ ತಾನು ಮಾತ್ರ ಒಂಟಿಯಾಗಿ ಉಳಿದೆ ಎಂದು ಅವನೇ ತನ್ನನ್ನು ಗೇಲಿ ಮಾಡಿಕೊಳ್ಳುತ್ತಿದ್ದ. ಅಂದು ಹೆಣ್ಣು ನೋಡಲು ಹೊರಟವನು ವಯಸ್ಸು ಕಡಿಮೆ ಕಾಣಲಿ ಎಂದು ದಪ್ಪ ಕನ್ನಡಕವನ್ನು ಜೇಬಿಗಿಳಿಸಿದ.

ಆ ಮನೆಯಲ್ಲಿ ಉಪ್ಪಿಟ್ಟು ತಂದಿಟ್ಟ ಹೆಂಗಸು ನಗುನಗುತ್ತ ಮಾತಾಡಿಸಿ, ಸಾಕೆಂದರೂ ಇನ್ನೊಂದು ಸೌಟು ಬಡಿಸಿ ಒಳಗೆ ಹೋದಳು. ಮುಖ ಮಂಜುಮಂಜಾಗಿ ಕಂಡರೂ ಆ ದನಿಗೇ ಜವರೇಶ ಸೋತುಹೋದ. ಆಮೇಲೆ ಕೆಂಪು ಸೀರೆಯವಳೊಬ್ಬಳು ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಇವಳು ಹುಡುಗಿಯ ತಂಗಿಯಿರಬೇಕು ಅಂದುಕೊಂಡ.

"ಏನ್ ಸಾರ್, ಒಪ್ಪಿಗೆನಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಪಾಠ ಹೇಳುವ ಚಾಳಿ ಎಲ್ಲಿ ಬಿಡುತ್ತದೆ? "ನೋಡಿ, ನೀವು ಡೇಲಿಯಾ ಗಿಡ ಇದ್ದಂಗೆ. ವರ್ಷವರ್ಷ ಗೆಡ್ಡೆಯಿಂದ ಚಿಗುರಿ ಹೂ ಬಿಡುತ್ತೆ, ನೋಡೋಕೆ ಬಲು ಚೆಂದ. ಆದ್ರೆ ಗೂಟ ಕಟ್ಬೇಕು, ಗಾಳಿಗೆ ಬೀಳ್ದಂಗೆ ಕಾಯ್ಬೇಕು. ಈಗ ಒಳಗೆ ಹೋದ್ರಲ್ಲ, ಅವ್ರು ಹಲಸಿನ ಮರ. ನೆರಳೂ ಸಿಗುತ್ತೆ, ಹಣ್ಣೂ ಸಿಗುತ್ತೆ, ಮನೆ ತುಂಬಾ ಘಮಘಮ."

"ಹಂಗಾರೆ ನಿಮ್ಗೆ ಯಾವ್ದು ಬೇಕು?"

"ನಂಗೆ ಹಲಸೇ ಸರಿ. ನೀವು ಬೇಜಾರ್ ಮಾಡ್ಕೋಬೇಡಿ."

ಅವಳು ಖಾಲಿ ಲೋಟ ತೆಗೆದುಕೊಂಡು ಎದ್ದಳು.

"ನಂಗೇನೂ ಬೇಜಾರಿಲ್ಲ ಸಾರ್. ಆದ್ರೆ ನಮ್ಮಪ್ಪ ಇನ್ನೂ ಗಟ್ಟಿಮುಟ್ಟಾಗವ್ರೆ, ಅಮ್ಮನ್ನ ಬಿಟ್ಕೊಡಲ್ಲ."