ಗುಂಡನ ಈಜು

"ಅತ್ತೆ, ಬೇಗ ಬಾ! ನಮ್ಮ ಸೋಂಬೇರಿ ಗುಂಡ ಈಜ್ತಾನೆ ನೋಡು!"

ಅಣ್ಣನ ಮಗಳ ಕೂಗಿಗೆ ಅತ್ತೆ ಬಚ್ಚಲಿಗೆ ಓಡಿಬಂದಳು. ಬಟ್ಟೆ ನೆನೆಸುವ ಟಬ್ಬಿನ ತುಂಬ ನೀರು, ಅದರ ತಳದಲ್ಲಿ ಕತ್ತು ಚಾಚಿಕೊಂಡ ಆಮೆ. ಕೈ ಹಾಕಿ ಎತ್ತಿದಳು. ಮೂಗಿನಿಂದ ನೀರು ಸುರಿಯಿತು. ತಲೆ ಚಿಪ್ಪಿನೊಳಗೆ ಸೇರದೆ ಹಾಗೇ ಜೋತುಬಿತ್ತು.

"ಪಾಪ, ಪೆಟ್ಟಿಗೇಲಿ ನೀರಿಲ್ದೆ ಬೇಜಾರಾಗಿದ್ದ. ಅದಕ್ಕೇ ಬಿಟ್ಟೆ. ಎಷ್ಟು ಖುಷಿ ಗೊತ್ತಾ! ನಂಗೆ ಟಾಟಾ ಮಾಡ್ದ. ನಾನೂ ಮಾಡ್ದೆ, ಅವನು ಮತ್ತೆ ಮತ್ತೆ ಮಾಡ್ದ. ಈಗ ಸುಸ್ತಾಯ್ತೇನೋ."

ಅದು ಒಣನೆಲದಲ್ಲಿ ಬದುಕುವ ಆಮೆ ಎಂದು ಹೇಳಲು ಅತ್ತೆಗೆ ಬಾಯಿ ಬರಲಿಲ್ಲ. "ಹೂಂ ಪುಟ್ಟಿ, ಸುಸ್ತಾಗಿದ್ದಾನೆ" ಎನ್ನುತ್ತ ಟವೆಲಿನಲ್ಲಿ ಸುತ್ತಿದಳು. ಒಂದು ಕಾಲು ಮಾತ್ರ ಹೊರಗೇ ಉಳಿಯಿತು, ಮರಿಯಾನೆಯ ಕಾಲಿನಂತೆ ದಪ್ಪ, ಮೊಂಡು.

ಪುಟ್ಟಿ ಅದನ್ನು ಮುಟ್ಟಿ ನೋಡಿದಳು. "ಈಜೋ ಪ್ರಾಣಿಗೆ ಬಾತುಕೋಳಿ ತರ ಬೆರಳ ಮಧ್ಯೆ ಚರ್ಮ ಇರತ್ತೆ ಅಂತ ನೀನೇ ಹೇಳಿದ್ದೆ. ಇವನಿಗೆ ಎಲ್ಲಿದೆ ಅತ್ತೆ?"

ಅತ್ತೆ ಆ ಕಾಲನ್ನೂ ಟವೆಲಿನೊಳಗೆ ಸೇರಿಸಿದಳು. ಪುಟ್ಟಿ ಟಬ್ಬನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ, ಟಾಟಾ ಮಾಡಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.