ಟೈರಿನ ಒಳಬದಿ

ಕಾರಿನ ಡಿಕ್ಕಿಯಿಂದ ಎರಡು, ಹಿಂದಿನ ಸೀಟಿನಿಂದ ಒಂದು, ಹೀಗೆ ಮೂರು ಚಕ್ರಗಳನ್ನು ಇಳಿಸಿ ಟೈರು ಅಂಗಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ ಹೆಂಗಸನ್ನು ಗುರುತಿಸಲು ಅಂಗಡಿಯ ಮಾಲೀಕ ಗಾಳಿಯಣ್ಣನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಕ್ರಗಳನ್ನು ಗುರುತಿಸಲು ಅಷ್ಟು ಹೊತ್ತೂ ಬೇಕಾಗಲಿಲ್ಲ. ಐದು ತಿಂಗಳ ಹಿಂದೆ ಅವಳ ಗಂಡನ ಕಾರಿಗೆ ಆ ಟೈರುಗಳನ್ನು ಹಾಕಿಕೊಟ್ಟವನು ಅವನೇ. ನಾಲ್ಕನೆಯದು ಹೋದ ತಿಂಗಳು ಮಟಮಟ ಮಧ್ಯಾಹ್ನ ಹೆದ್ದಾರಿಯಲ್ಲಿ ಸಿಡಿದು, ಕಾರು ಮಗುಚಿ, ಗಂಡ ಅಲ್ಲೇ ಪ್ರಾಣ ಬಿಟ್ಟಿದ್ದ.

“ಇವನ್ನ ನನ್ನ ತಮ್ಮನ ಕಾರಿಗೆ ಹಾಕಿಕೊಡಿ ಅಣ್ಣಾ,” ಎಂದಳು. “ಅವನದೂ ಅದೇ ಕಾರು. ಮೂರು ಟೈರು ಬೋಳಾಗಿದಾವೆ. ನಮ್ಮ ಕಾರನ್ನ ಗುಜರಿಯವನು ತಗೊಂಡು ಹೋದ, ಚಕ್ರ ಮಾತ್ರ ನಾನು ಕೊಡಲಿಲ್ಲ. ನೋಡಿ, ಇನ್ನೂ ಕೂದಲು ಕೂಡ ಉದುರಿಲ್ಲ.”

ಹೊಸ ಟೈರಿನ ಪಕ್ಕೆಯ ಮೇಲೆ ನಿಮಿರಿ ನಿಂತಿರುವ ರಬ್ಬರಿನ ಸಣ್ಣ ಎಳೆಗಳಿಗೆ ಕೂದಲು ಎಂದು ಹೆಸರಿಟ್ಟವನೂ ಗಾಳಿಯಣ್ಣನೇ. ಅವನ್ನು ಸವರಿ ತೋರಿಸಿ, ಒಂದು ಮೈಲಿಯೂ ಓಡದ ಮಾಲು ಎಂದು ಅವಳ ಗಂಡನಿಗೆ ಹೇಳಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬಾಗಿಲು ಮುಚ್ಚಿದ ಯಾವುದೋ ಅಂಗಡಿಯ ಗೋದಾಮಿನಲ್ಲಿ ಹತ್ತು ವರ್ಷ ಬಿದ್ದುಕೊಂಡಿದ್ದ ಟೈರುಗಳು ಎಲ್ಲಿಗೆ ತಾನೇ ಓಡಬೇಕು?

ಜೊತೆಗೆ ಬಂದಿದ್ದ ಅವಳ ತಮ್ಮನೋ, ಔಷಧಿ ಪೆಟ್ಟಿಗೆಗಳನ್ನು ಹೇರಿಕೊಂಡು ದಿನವೂ ಊರೂರು ಸುತ್ತುವವನು. ಅವನಾಗಲೇ ಜ್ಯಾಕ್ ಎಲ್ಲಿದೆ ಎಂದು ಹುಡುಕುತ್ತಿದ್ದ.

“ಇವು ಬೇಡ,” ಎಂದ ಗಾಳಿಯಣ್ಣ.

“ಯಾಕಣ್ಣಾ?”

“ಏಟು ತಿಂದಿರೋ ಟೈರು. ಒಳಗೆ ಏನಾಗಿರುತ್ತೋ ಹೊರಗೆ ಕಾಣಲ್ಲ. ಇಲ್ಲೇ ಬಿಟ್ಟುಹೋಗಿ. ಮೂರೂ ಹೊಸದು ಹಾಕಿಕೊಡ್ತೀನಿ. ದುಡ್ಡು ಗಿಡ್ಡು ಅಂತ ಮಾತೆತ್ತಬೇಡಿ.”

ಅರ್ಧ ಸತ್ಯ ಹೇಳಿದ್ದಕ್ಕೇ ಅವನಿಗೆ ಹೋದ ಜೀವ ಬಂದಂತಾಯಿತು. ಉಳಿದರ್ಧ ಹೇಳುವ ಧೈರ್ಯ ಅವನಿಗೆ ಈ ಒಂದು ತಿಂಗಳಲ್ಲಿ ಬಂದಿರಲಿಲ್ಲ, ಈಗಲೂ ಬರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಮ್ಮನ್ನ ಕಣ್ಣು ಮುಚ್ಚಿ ನಂಬಬಹುದು ಅಂತಿದ್ರು ನಮ್ಮನೆಯವರು. ಈಗ ಎಲ್ಲರ ಬಾಯಲ್ಲೂ ಅವರದೇ ತಪ್ಪು. ಜೋರಾಗಿ ಓಡಿಸಿ ಸತ್ತರಂತೆ. ಪೊಲೀಸರೂ ಹಾಗೇ ಬರಕೊಂಡು ಹೋದ್ರು. ನಮ್ಮತ್ತೆ ಅಂತೂ, ಬೇಗ ಬನ್ನಿ ಅಂತ ನೀನೇ ಫೋನ್ ಮಾಡಿರ್ತೀಯ ಅಂದುಬಿಟ್ರು. ಅಷ್ಟು ಜೋರಾಗಿ ಓಡಿಸೋರಲ್ಲ ಅಣ್ಣಾ ಅವರು. ಪಕ್ಕದಲ್ಲಿ ಕೂತು ನಾನೇ ಬೈತಿದ್ದೆ, ಎತ್ತಿನಗಾಡಿ ಅಂತ.”

ಗಾಳಿಯಣ್ಣ ತಲೆ ಎತ್ತಲಿಲ್ಲ. ಬೋಳು ಟೈರುಗಳನ್ನು ಕಳಚಿ ಹೊಸದನ್ನು ಕೂರಿಸುವುದರಲ್ಲಿ ಮುಳುಗಿದ. ಮೂರನೆಯದನ್ನು ಕಾರಿಗೆ ಸೇರಿಸುವಾಗ ಅವಳ ತಮ್ಮ ಬಗ್ಗಿ ನೋಡಿ ನಕ್ಕ.

“ಹೊಸದು ಅಂತ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು ಅಣ್ಣಾ? ಎಲ್ಲ ಕರಿ, ಎಲ್ಲ ದುಂಡಗೆ.”

ಸಾವಿನ ಸುದ್ದಿ ಬಂದ ದಿನದಿಂದ ಗಾಳಿಯಣ್ಣ ಪ್ರತಿ ಗಿರಾಕಿಗೂ, ಕೇಳಲಿ ಬಿಡಲಿ, ಈ ಪಾಠ ಹೇಳುತ್ತಿದ್ದ. ಈಗಲೂ ನಾಲಿಗೆ ತಾನಾಗಿಯೇ ಹೊರಳಿತು.

“ಇಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇದೆ ನೋಡಿ. ಮೊದಲಿನ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಇಸವಿ. ಇದು ಇಪ್ಪತ್ತೈದನೇ ಇಸವಿ, ಒಂಬತ್ತನೇ ವಾರ. ಐದು ವರ್ಷ ದಾಟಿದ ಮೇಲೆ ವರ್ಷ ವರ್ಷ ತೋರಿಸ್ತಿರಬೇಕು. ಹತ್ತಾದ್ರೆ ಕೂದಲು ಉದುರದಿದ್ರೂ ಬಿಸಾಕಬೇಕು. ರಬ್ಬರು ಕೂತಲ್ಲೇ ಮುದಿಯಾಗುತ್ತೆ.”

“ಎರಡೂ ಕಡೆ ಬರೆದಿರ್ತಾರಾ?”

“ಒಂದೇ ಕಡೆ. ಅದಕ್ಕೇ ನಾನು ಅಂಕಿ ಹೊರಗೆ ಕಾಣೋ ಹಾಗೆ ಹಾಕೋದು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಮ್ಮನಿಗೆ ಫೋನ್ ಬಂತು, ಅವನು ಮಾತಾಡುತ್ತ ರಸ್ತೆಗಿಳಿದ. ಆದರೆ ಅಕ್ಕ ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತಾಗಿತ್ತು. ಅವಳು ದರ್ಜಿ; ಹೊಲಿಗೆ ಎಲ್ಲಿ ತಪ್ಪಿದೆಯೆಂದು ಬೆರಳಲ್ಲೇ ಹುಡುಕುವವಳು. ಮೊದಲ ಚಕ್ರದ ಹೊರಮೈಯ ಮೇಲೆ ಅವಳ ಬೆರಳು ನಿಧಾನವಾಗಿ ಒಂದು ಸುತ್ತು ಬಂತು. ಅಂಕಿ ಇರಲಿಲ್ಲ. ಎರಡನೆಯದರಲ್ಲಿ ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದುಮುಂದಾಗಿ ತಿರುಗಿಸಿದಳು. ಒಳಬದಿಯಲ್ಲಿ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆದಳು.

“ನಲವತ್ತನೇ ವಾರ,” ಎಂದು ಮೆಲ್ಲಗೆ ಓದಿದಳು. “ಹದಿನಾಲ್ಕನೇ ಇಸವಿ. ಆಗಿನ್ನೂ ನಮ್ಮ ಮದುವೆನೇ ಆಗಿರಲಿಲ್ಲ.”

ಉಳಿದೆರಡನ್ನೂ ತಿರುಗಿಸಿದಳು. ಅವೂ ಹಾಗೇ ಇದ್ದವು. ಕೈಯಲ್ಲಿದ್ದ ಸ್ಪ್ಯಾನರನ್ನು ಎಲ್ಲಿಡಬೇಕೆಂದು ಗಾಳಿಯಣ್ಣನಿಗೆ ತೋಚಲಿಲ್ಲ.

“ಬಟ್ಟೇಲಿ ಕಲೆ ಇದ್ರೆ ನಾವೂ ಹೀಗೇ ಮಾಡ್ತೀವಿ,” ಎಂದಳು, ಬೆರಳನ್ನು ಅಂಕಿಯ ಮೇಲಿಂದ ತೆಗೆಯದೆ. “ಆ ಬದೀನ ಒಳಗೆ ಹಾಕಿ ಹೊಲಿದುಬಿಡ್ತೀವಿ.”

ಅವಳು ಕೂಗಾಡಬಹುದು, ತಮ್ಮನನ್ನು ಕರೆಯಬಹುದು ಎಂದು ಅವನು ಕಾದ. ಅವಳು ಎರಡನ್ನೂ ಮಾಡಲಿಲ್ಲ. ಕೆಸರಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕೂತಲ್ಲಿಂದಲೇ ತಲೆ ಎತ್ತಿ ಅವನ ಮುಖ ನೋಡಿದಳು.

“ಹಾಗಾದ್ರೆ ಅವರು ಜೋರಾಗಿ ಓಡಿಸಿರಲಿಲ್ಲ, ಅಲ್ವಾ ಅಣ್ಣಾ?”