ರಸ್ತೆ ಖಾಲಿ ಇದೆ

"ರಸ್ತೆ ಖಾಲಿ ಇದೆ, ದಾಟಬಹುದು," ಎಂದಿತು ಕುತ್ತಿಗೆಗೆ ನೇತುಹಾಕಿಕೊಂಡಿದ್ದ, ಕ್ಯಾಮೆರಾದಲ್ಲಿ ಕಂಡದ್ದನ್ನು ಹೇಳುವ ಫೋನು. ಕಣ್ಣು ಕಾಣದ ಆಕೆ, ಪಿಯಾನೋ ಶ್ರುತಿ ಮಾಡುವವಳು, ಒಂದು ಕಾಲನ್ನು ರಸ್ತೆಗೆ ಇಳಿಸಿಯೂ ಆಗಿತ್ತು. ಆದರೆ ಆ ದನಿ ಕಿವಿಗೆ ಚುಚ್ಚಿತು. ಹಾಗೆಯೇ ನಿಂತುಬಿಟ್ಟಳು.

ಬೆಳಿಗ್ಗೆ ಇದೇ ಖಚಿತ ದನಿ ಅವಳ ಅಂಗಿಯನ್ನು ನೀಲಿ ಎಂದಿತ್ತು. "ನೀಲಿಯಂತೆ ನೀಲಿ! ಮೆಣಸಿನಕಾಯಿ ಥರ ಕೆಂಪಗಿದೆ ಅತ್ತಿಗೆ," ಎಂದು ಮೈದುನ ಬಿದ್ದು ಬಿದ್ದು ನಕ್ಕಿದ್ದ. ಮೊನ್ನೆ ಸೆಟ್ಟಿಂಗ್ ಬದಲಿಸಿ ಫೋನಿನ ಅನುಮಾನದ ಬಾಯಿ ಮುಚ್ಚಿಸಿದವನೂ ಅವನೇ. ಮಾತುಮಾತಿಗೂ 'ಇರಬಹುದು, ಖಚಿತವಿಲ್ಲ' ಎಂದು ರಾಗ ಎಳೆಯುತ್ತದೆಂದು ಅವನ ತಲೆ ತಿಂದವಳು ಮಾತ್ರ ಇವಳು. ಈಗ ಅಂಗಿಗೂ ರಸ್ತೆಗೂ ಒಂದೇ ಶ್ರುತಿ, ಕೂದಲೆಳೆಯಷ್ಟೂ ಅಳುಕಿಲ್ಲ.

"ಅನುಮಾನ ಇದ್ರೆ ಬಾಯಿಬಿಟ್ಟು ಹೇಳು ಪುಣ್ಯಾತ್ಮ, ನಾನು ಬೈಯಲ್ಲ," ಎಂದಳು. "ರಸ್ತೆ ಪೂರ್ತಿ ಕಾಣಿಸ್ತಿದೆಯಾ ನಿಂಗೆ?"

"ಇಲ್ಲ," ಎಂದಿತು ಫೋನು. "ಎಡಗಡೆ ಒಂದು ಲಾರಿ ನಿಂತಿದೆ. ಅದರಾಚೆ ಏನು ಬರ್ತಿದೆಯೋ ನನಗೆ ಗೊತ್ತಿಲ್ಲ."

ಲಾರಿಯಾಚೆಯಿಂದ ಸದ್ದೇನೂ ಇರಲಿಲ್ಲ. ಆದರೂ ಆಕೆ ಇಳಿಸಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಈಗ ನಂಬ್ತೀನಿ ನಿನ್ನ," ಎಂದಳು.